ಈ ಗುಡ್ಡದಲ್ಲಿ ಹಿಂದೆ ಕಾಡಿತ್ತೇ? ಕೆಸರಿನಲ್ಲಿ ಹೂತ ಪರಾಗ ಹೇಳುವ ಕಥೆ

ಮಳೆಗಾಲದ ಜೊತೆಗೇ ಸಸಿ ನೆಡುವ ಕಾರ್ಯಕ್ರಮಗಳೂ ಶುರುವಾಗುತ್ತವೆ. ಮುಳ್ಳಯ್ಯನಗಿರಿಗೋ ಕುದುರೆಮುಖದ ಕಡೆಗೋ ಹೋಗಿಬಂದವರು ಹಸಿರು ಗುಡ್ಡಗಳ ಫೋಟೊ ಹಾಕಿ, "ಇಲ್ಲೆಲ್ಲ ಹಿಂದೆ ದಟ್ಟ ಕಾಡಿತ್ತು, ಕಡಿದು ಬೋಳು ಮಾಡಿದರು, ಮತ್ತೆ ಮರ ನೆಡೋಣ" ಎಂದು ಬರೆಯುತ್ತಾರೆ. ಅದರ ಕೆಳಗೇ ಇನ್ನೊಬ್ಬರು, "ಅದು ಬೋಳು ಗುಡ್ಡ ಅಲ್ಲ ಸ್ವಾಮಿ, ಹುಲ್ಲುಗಾವಲು. ಮೊದಲಿನಿಂದಲೂ ಇರುವುದೇ ಹಾಗೆ" ಎನ್ನುತ್ತಾರೆ. ಅಲ್ಲಿಂದ ಜಗಳ.

ಇಬ್ಬರೂ ಮಾತಾಡುತ್ತಿರುವುದು ಇತಿಹಾಸದ ಬಗ್ಗೆ. ಆದರೆ "ಹಿಂದೆ" ಅಂದರೆ ಎಷ್ಟು ಹಿಂದೆ? ಅಜ್ಜನ ನೆನಪು ನೂರು ವರ್ಷ ದಾಟುವುದಿಲ್ಲ. ಶಾಸನಗಳನ್ನು ನೆಚ್ಚಿಕೊಂಡರೆ, ಕರ್ನಾಟಕದಲ್ಲಿ ಸಿಕ್ಕಿರುವ ಅಶೋಕನ ಶಾಸನಗಳವರೆಗೆ ಹೋದರೂ ಎರಡು ಸಾವಿರದ ಮುನ್ನೂರು ವರ್ಷ ಆಗುವುದಿಲ್ಲ. ಅದೂ ಅಲ್ಲದೆ ಶಾಸನಗಳು ರಾಜರ, ದಾನದ, ಯುದ್ಧದ ವಿಷಯ ಹೇಳುತ್ತವೆಯೇ ಹೊರತು ಗುಡ್ಡದ ಮೇಲೆ ಹುಲ್ಲಿತ್ತೋ ಮರವಿತ್ತೋ ಎಂದು ಯಾರೂ ಕಲ್ಲಿನಲ್ಲಿ ಕೆತ್ತಿಸಿಡಲಿಲ್ಲ.

ಗಿಡಮರಗಳೇ ತಮ್ಮ ಗುರುತು ಬಿಟ್ಟುಹೋಗಿವೆ. ಅದು ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿಯ ರೂಪದಲ್ಲಿ, ಜೌಗಿನ ಕಪ್ಪು ಕೆಸರಿನೊಳಗೆ ಕೂತಿದೆ. ಆ ಪುಡಿಯನ್ನು ಹೊರತೆಗೆದು ಓದುವ ವಿದ್ಯೆಗೆ ಪ್ಯಾಲಿನಾಲಜಿ ಎಂದು ಹೆಸರು. ಕನ್ನಡದಲ್ಲಿ ಪರಾಗಶಾಸ್ತ್ರ ಎನ್ನಬಹುದು.

## ಪರಾಗ ಯಾವುದು, ಬೀಜಾಣು ಯಾವುದು

ಬೆಳಿಗ್ಗೆ ದೇವರಿಗೆ ದಾಸವಾಳ ಕೊಯ್ಯುವಾಗ ಬೆರಳಿಗೆ ಹಳದಿ ಪುಡಿ ಮೆತ್ತಿಕೊಳ್ಳುತ್ತದಲ್ಲ, ಅದೇ ಪರಾಗ. ಹೂವಿನ ಗಂಡು ಭಾಗದಲ್ಲಿ ಹುಟ್ಟುವ ಈ ರೇಣುಗಳು ಇನ್ನೊಂದು ಹೂವಿನ ಹೆಣ್ಣು ಭಾಗವನ್ನು ಸೇರಿದರೆ ಕಾಯಿ ಕಟ್ಟುತ್ತದೆ. ಕೆಲವು ಗಿಡಗಳು ಈ ಸಾಗಾಟವನ್ನು ದುಂಬಿ, ಜೇನುಹುಳಗಳಿಗೆ ವಹಿಸಿವೆ. ಜೋಳ, ಹುಲ್ಲು, ಗಾಳಿಮರದಂಥವು ಗಾಳಿಯನ್ನು ನಂಬಿಕೊಂಡಿವೆ. ಗಾಳಿಯನ್ನು ನಂಬಿದವು ಲೆಕ್ಕವಿಲ್ಲದಷ್ಟು ಪರಾಗ ಸುರಿಯುತ್ತವೆ, ಏಕೆಂದರೆ ಬಹುಪಾಲು ಗುರಿ ತಪ್ಪುತ್ತದೆ ಎಂಬುದು ಖಚಿತ. ಮೆಕ್ಕೆಜೋಳದ ಹೊಲದಲ್ಲಿ ಸೂಲಂಗಿ ಬಂದ ಕಾಲಕ್ಕೆ ಓಡಾಡಿದವರ ಅಂಗಿಯನ್ನು ನೋಡಿದರೆ ಇದು ಗೊತ್ತಾಗುತ್ತದೆ. ಹಾಗೆ ಗುರಿ ತಪ್ಪಿದ ಪರಾಗದಿಂದಲೇ ನಮ್ಮ ಈ ಕಥೆ ಹುಟ್ಟುವುದು.

ಹೂ ಬಿಡದ ಗಿಡಗಳೂ ಇವೆಯಲ್ಲ? ಜರಿಗಿಡದ ಎಲೆಯನ್ನು ಮಗುಚಿ ನೋಡಿ. ಅಡಿಯಲ್ಲಿ ಕಂದು ಚುಕ್ಕೆಗಳ ಸಾಲು ಇರುತ್ತದೆ. ಅದರೊಳಗಿನ ಪುಡಿಯೇ ಬೀಜಾಣು, ಇಂಗ್ಲಿಷಿನಲ್ಲಿ ಸ್ಪೋರ್. ಪರಾಗಕ್ಕೆ ಇನ್ನೊಂದು ಹೂ ಬೇಕು. ಬೀಜಾಣುವಿಗೆ ಯಾರೂ ಬೇಡ, ತೇವವಿರುವ ಜಾಗದಲ್ಲಿ ಬಿದ್ದರೆ ತಾನೇ ಮೊಳೆಯುತ್ತದೆ. ಪಾಚಿಯಂತೆ ಕಾಣುವ ಹಾವಸೆ ಗಿಡಗಳದ್ದೂ ಇದೇ ದಾರಿ. (ಮಲೆನಾಡಿನ ಮಕ್ಕಳು ಒಂದು ಬಗೆಯ ಜರಿಯ ಎಲೆಯನ್ನು ಕೈಮೇಲೆ ಒತ್ತಿ ಬೆಳ್ಳಗಿನ ಹಚ್ಚೆ ಹಾಕಿಕೊಳ್ಳುತ್ತಾರೆ. ಆ ಬಿಳಿ ಪುಡಿ ಬೀಜಾಣು ಅಲ್ಲ, ಎಲೆಯ ಮೇಣ.)

ಗಾತ್ರದ ವಿಷಯಕ್ಕೆ ಬಂದರೆ, ಹೆಚ್ಚಿನ ಪರಾಗರೇಣುಗಳು ಒಂದು ಮಿಲಿಮೀಟರಿನ ನೂರನೇ ಒಂದು ಭಾಗದಿಂದ ಹತ್ತನೇ ಒಂದು ಭಾಗದೊಳಗೆ ಇರುತ್ತವೆ. ದಾಸವಾಳದ್ದು ಈ ಲೋಕದ ಆನೆ. ಸೂಕ್ಷ್ಮದರ್ಶಕದಲ್ಲಿ ಅದು ಮೈತುಂಬ ಮುಳ್ಳಿರುವ ಚೆಂಡಿನಂತೆ ಕಾಣುತ್ತದೆ. ಹುಲ್ಲಿನ ಪರಾಗ ನುಣ್ಣನೆಯ ಗುಂಡು, ಅದಕ್ಕೆ ಕೊಡದ ಬಾಯಿಯಂತೆ ಅಂಚುಕಟ್ಟಿದ ಒಂದೇ ತೂತು. ಪೈನ್ ಮರದ್ದಕ್ಕೆ ಇಕ್ಕೆಲದಲ್ಲಿ ಎರಡು ಗಾಳಿಚೀಲ. ನೇರಳೆಯದು ತ್ರಿಕೋನ. ಅಕೇಶಿಯಾದ ಬಳಗದಲ್ಲಿ ಸಾಮಾನ್ಯವಾಗಿ ಹದಿನಾರು ರೇಣುಗಳು ಒಂದಕ್ಕೊಂದು ಅಂಟಿಕೊಂಡು ಬಿಲ್ಲೆಯಂತಾಗಿರುತ್ತವೆ. ಇಷ್ಟು ವೈವಿಧ್ಯ ಇರುವುದರಿಂದಲೇ ಗುರುತು ಹಿಡಿಯುವುದು ಸಾಧ್ಯವಾಗಿದೆ.

## ಎಲೆ ಕೊಳೆತರೂ ಕೊಳೆಯದ ಚಿಪ್ಪು

ಬಿದ್ದ ಎಲೆ ಒಂದು ಮಳೆಗಾಲದಲ್ಲಿ ಗೊಬ್ಬರವಾಗುತ್ತದೆ. ಮರದ ದಿಮ್ಮಿಯನ್ನು ಗೆದ್ದಲು ಮುಗಿಸುತ್ತದೆ. ಇಷ್ಟು ಸಣ್ಣ ಪರಾಗ ಮಾತ್ರ ಸಾವಿರಾರು ವರ್ಷ ಉಳಿಯುವುದು ಹೇಗೆ?

ರೇಣುವಿನ ಒಳಗಿನ ಜೀವದ್ರವ್ಯ ಬೇಗನೆ ಸಾಯುತ್ತದೆ, ಕೊಳೆಯುತ್ತದೆ. ಉಳಿಯುವುದು ಹೊರಗಿನ ಚಿಪ್ಪು. ತೆಂಗಿನಕಾಯಿಯಲ್ಲಿ ಕೊಬ್ಬರಿ ಹಾಳಾದರೂ ಕರಟ ಹಾಗೇ ಇರುವಂತೆ. ಈ ಚಿಪ್ಪು ಸ್ಪೋರೊಪೊಲೆನಿನ್ ಎಂಬ ವಸ್ತುವಿನದು. ಜೀವಿಗಳು ತಯಾರಿಸುವ ಅತ್ಯಂತ ಗಟ್ಟಿ ವಸ್ತುಗಳಲ್ಲಿ ಇದೂ ಒಂದು. ಬಿಸಿಲು ಮತ್ತು ಒಣಹವೆಯಿಂದ ಒಳಗಿನ ಜೀವಕಣವನ್ನು ಕಾಪಾಡಲು ಗಿಡ ಕಟ್ಟಿದ ಕೋಟೆ ಇದು. ಸಾಮಾನ್ಯ ಆಮ್ಲ, ಕ್ಷಾರಗಳಿಗೆ ಜಗ್ಗುವುದಿಲ್ಲ, ಬ್ಯಾಕ್ಟೀರಿಯಾಗಳಿಗೂ ಸುಲಭಕ್ಕೆ ದಕ್ಕುವುದಿಲ್ಲ.

ಆದರೆ ಇದಕ್ಕೊಬ್ಬ ಶತ್ರು ಇದ್ದಾನೆ: ಗಾಳಿಯಲ್ಲಿರುವ ಆಮ್ಲಜನಕ. ಒಮ್ಮೆ ನೆನೆದು ಒಮ್ಮೆ ಒಣಗುವ ಮಣ್ಣಿನಲ್ಲಿ ಚಿಪ್ಪು ಕ್ರಮೇಣ ಸವೆದುಹೋಗುತ್ತದೆ. ಹಾಗಾಗಿ ಮಲೆನಾಡಿನ ಕೆಂಪು ಜಂಬಿಟ್ಟಿಗೆ ಮಣ್ಣನ್ನು ಅಗೆದು ಪರಾಗ ಹುಡುಕಿದರೆ ಸಿಗುವುದು ಅಷ್ಟಕ್ಕಷ್ಟೆ. ವರ್ಷವಿಡೀ ನೀರು ನಿಂತು, ಗಾಳಿಯಾಡದೆ, ಕೆಸರು ಕಪ್ಪಗಿರುವ ಜಾಗ ಬೇಕು. ಕೆರೆಯ ತಳ, ನದಿಮುಖ, ಸಮುದ್ರದಡಿಯ ಹೂಳು, ಬೆಟ್ಟದ ಕಣಿವೆಗಳಲ್ಲಿ ಕಾಲಿಟ್ಟರೆ ಹೂತುಹೋಗುವ ಜೌಗು ಇವೆಲ್ಲ ಅಂಥ ಜಾಗಗಳು. ಅರೆಬರೆ ಕೊಳೆತ ಸಸ್ಯಗಳೇ ಶತಮಾನಗಳ ಕಾಲ ಪೇರಿಕೊಂಡು ಸ್ಪಂಜಿನಂತಾದ ಕಪ್ಪು ಮಣ್ಣಿಗೆ ಪೀಟ್ ಎನ್ನುತ್ತಾರೆ. ಪರಾಗಶಾಸ್ತ್ರಜ್ಞರಿಗೆ ಪೀಟ್ ಸಿಕ್ಕಿತೆಂದರೆ ಹಬ್ಬ.

ಈ ವಿದ್ಯೆ ಹುಟ್ಟಿದ್ದೂ ಪೀಟಿನಲ್ಲಿಯೇ. ಸ್ವೀಡನ್ನಿನ ಭೂವಿಜ್ಞಾನಿ ಲೆನಾರ್ಟ್ ಫಾನ್ ಪೋಸ್ಟ್ ತನ್ನ ನಾಡಿನ ಪೀಟ್ ಜೌಗುಗಳ ಪದರಪದರದಲ್ಲಿ ಯಾವ ಮರದ ಪರಾಗ ಎಷ್ಟಿದೆ ಎಂದು ಎಣಿಸಿ, 1916ರಲ್ಲಿ ಕ್ರಿಸ್ತಿಯಾನಿಯಾದಲ್ಲಿ, ಅಂದರೆ ಈಗಿನ ಓಸ್ಲೊದಲ್ಲಿ, ಅದರ ನಕ್ಷೆ ಮುಂದಿಟ್ಟ. ಪ್ಯಾಲಿನಾಲಜಿ ಎಂಬ ಹೆಸರು ಬಂದದ್ದು ಆಮೇಲೆ, 1944ರಲ್ಲಿ.

## ಸುಣ್ಣದ ಪದರಗಳನ್ನು ಕೆರೆದಂತೆ

ಹಳ್ಳಿಯ ಹಳೆಯ ಮನೆಯ ಗೋಡೆಯನ್ನು ಉಗುರಿನಿಂದ ಕೆರೆದು ನೋಡಿದ್ದೀರಾ? ಪ್ರತಿ ದೀಪಾವಳಿಗೆ ಬಳಿದ ಸುಣ್ಣ ಪದರಪದರವಾಗಿ ಏಳುತ್ತದೆ. ಮೇಲೆ ಬಿಳಿ, ಅದರಡಿಯಲ್ಲಿ ನೀಲಿ ಬೆರೆಸಿದ ವರ್ಷದ್ದು, ಅದರಡಿಯಲ್ಲಿ ಯಾರದೋ ಮದುವೆಗೆ ಬಳಿದ ಹಳದಿ. ಮೇಲಿನದು ಹೊಸತು, ಕೆಳಗಿನದು ಹಳತು. ಜೌಗಿನಲ್ಲೂ ಹೀಗೆಯೇ. ಪ್ರತಿ ವರ್ಷ ಒಂದಿಷ್ಟು ಹೂಳು ಕೂರುತ್ತದೆ, ಅದರ ಜೊತೆಗೆ ಆ ವರ್ಷ ಸುತ್ತಮುತ್ತ ಹೂಬಿಟ್ಟ ಗಿಡಗಳ ಪರಾಗವೂ ಕೂರುತ್ತದೆ. ಮುಂದಿನ ವರ್ಷದ ಹೂಳು ಅದನ್ನು ಮುಚ್ಚುತ್ತದೆ.

ಪದರಗಳನ್ನು ಕಲಸದೆ ಹೊರತೆಗೆಯಬೇಕು. ಮಂಡಿಯಲ್ಲಿ ಮೂಟೆ ಬಿಚ್ಚದೆಯೇ ಮೊನಚಾದ ಕಬ್ಬಿಣದ ಕೊಳವೆ ಚುಚ್ಚಿ ಕಾಳಿನ ಗುಣ ನೋಡುತ್ತಾರಲ್ಲ, ಆ ಬಗೆಯದೇ ಒಂದು ಉದ್ದನೆಯ ಕೊಳವೆಯನ್ನು ಕೆಸರಿಗೆ ಇಳಿಸುತ್ತಾರೆ. ಮೇಲೆ ಬರುವುದು ಕೋಲಿನಂಥ ಮಣ್ಣಿನ ಕಂಬ. ಇದಕ್ಕೆ ಕೋರ್ ಎನ್ನುತ್ತಾರೆ. ಅದನ್ನು ಉದ್ದಕ್ಕೆ ಮಲಗಿಸಿ, ಗುರುತು ಹಾಕಿ, ಬೆರಳಗಲದ ಅಂತರಗಳಲ್ಲಿ ಚಿಟಿಕೆ ಚಿಟಿಕೆ ಮಣ್ಣು ತೆಗೆಯುತ್ತಾರೆ.

ಯಾವ ಪದರ ಯಾವ ಕಾಲದ್ದು ಎಂಬುದನ್ನು ಪರಾಗ ತಾನಾಗಿ ಹೇಳುವುದಿಲ್ಲ. ಅದಕ್ಕೆ ಕಾರ್ಬನ್-14 ಬೇಕು. ಬದುಕಿರುವ ಗಿಡ ಗಾಳಿಯಿಂದ ಈ ವಿಕಿರಣಶೀಲ ಇಂಗಾಲವನ್ನು ಸ್ವಲ್ಪ ಸ್ವಲ್ಪ ಹೀರುತ್ತಿರುತ್ತದೆ. ಸತ್ತ ಮೇಲೆ ಹೀರುವುದು ನಿಲ್ಲುತ್ತದೆ, ಇದ್ದದ್ದು ಕರಗುತ್ತ ಹೋಗುತ್ತದೆ. ಸುಮಾರು 5,730 ವರ್ಷಕ್ಕೆ ಅರ್ಧ, ಇನ್ನೊಂದು ಅಷ್ಟೇ ಕಾಲಕ್ಕೆ ಕಾಲುಭಾಗ. ಪದರದಲ್ಲಿರುವ ಸಸ್ಯದ ಚೂರಿನಲ್ಲಿ ಎಷ್ಟು ಉಳಿದಿದೆ ಎಂದು ಅಳೆದರೆ ವಯಸ್ಸು ಸಿಗುತ್ತದೆ. ಸುಮಾರು ಐವತ್ತು ಸಾವಿರ ವರ್ಷಗಳ ಆಚೆಗೆ ಅಳೆಯಲು ಏನೂ ಉಳಿದಿರುವುದಿಲ್ಲ. ಅಲ್ಲಿಗೆ ಬೇರೆ ವಿಧಾನಗಳು ಬೇಕು.

## ಚಿಟಿಕೆ ಮಣ್ಣಿನಿಂದ ಗಾಜಿನ ಪಟ್ಟಿಯವರೆಗೆ

ಪ್ರಯೋಗಾಲಯದಲ್ಲಿ ನಡೆಯುವುದು ಒಂದು ರೀತಿಯಲ್ಲಿ ತಿರುಗುಮುರುಗಾದ ಅಡುಗೆ. ಬೇಕಾದ್ದನ್ನು ಬೇಯಿಸುವ ಬದಲು ಬೇಡದ್ದನ್ನೆಲ್ಲ ಕರಗಿಸಿ ಚೆಲ್ಲುವುದು. ಹೈಡ್ರೊಕ್ಲೋರಿಕ್ ಆಮ್ಲ ಸುಣ್ಣದ ಅಂಶವನ್ನು ಕರಗಿಸುತ್ತದೆ. ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಪೀಟಿನ ಕಪ್ಪು ಬಣ್ಣದ ಜಿಡ್ಡನ್ನು ಬಿಡಿಸುತ್ತದೆ. ಮರಳಿನ ಕಣಗಳಿಗೆ ಹೈಡ್ರೊಫ್ಲೋರಿಕ್ ಆಮ್ಲ. ಗಾಜನ್ನೂ ತಿನ್ನುವ, ಮೈಗೆ ತಾಗಿದರೆ ಮೂಳೆಯವರೆಗೂ ಇಳಿಯುವ ಅಪಾಯದ ವಸ್ತು ಅದು. ಕೊನೆಗೆ ಉಳಿದ ಎಲೆ, ನಾರಿನ ಚೂರುಗಳನ್ನು ತೆಗೆಯಲು ಅಸಿಟಿಕ್ ಅನ್‌ಹೈಡ್ರೈಡ್ ಮತ್ತು ಗಂಧಕಾಮ್ಲದ ಬಿಸಿ ಮಿಶ್ರಣ. ಸ್ವೀಡನ್ನಿನ ಗುನ್ನಾರ್ ಎರ್ಟ್‌ಮನ್ ರೂಪಿಸಿದ ವಿಧಾನ ಇದು. ಇಷ್ಟೆಲ್ಲ ಸುರಿದರೂ ಪರಾಗದ ಚಿಪ್ಪು ಹಾಗೆಯೇ ಉಳಿಯುತ್ತದೆ ಎಂದರೆ ಅದರ ಗಟ್ಟಿತನವನ್ನು ನೀವೇ ಊಹಿಸಿ.

ಉಳಿದ ಗಸಿಯ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲಿಟ್ಟು, ಸೂಕ್ಷ್ಮದರ್ಶಕದಡಿ ಸಾಲುಸಾಲಾಗಿ ಎಣಿಸಬೇಕು. ಒಂದೊಂದು ಪದರಕ್ಕೆ ಮುನ್ನೂರಾದರೂ ರೇಣುಗಳನ್ನು ಗುರುತಿಸುವುದು ವಾಡಿಕೆ. ಕೋರ್‌ನಲ್ಲಿ ಐವತ್ತು ಪದರಗಳಿದ್ದರೆ ಹದಿನೈದು ಸಾವಿರ ರೇಣು. ಹೆಚ್ಚಿನ ಕಡೆ ಈ ಕೆಲಸ ಇಂದಿಗೂ ಮನುಷ್ಯರ ಕಣ್ಣಿನಿಂದಲೇ ನಡೆಯುತ್ತಿದೆ.

ಆದರೆ ಮುನ್ನೂರು ಎಣಿಸಿದರೆ ಇಡೀ ಚಿಟಿಕೆಯಲ್ಲಿ ಎಷ್ಟಿದೆ ಎಂದು ಹೇಗೆ ಗೊತ್ತಾಗಬೇಕು? ಅದಕ್ಕೊಂದು ಜಾಣ ಉಪಾಯವಿದೆ. ಒಂದು ಮೂಟೆಯಲ್ಲಿ ಎಷ್ಟು ಅಕ್ಕಿಕಾಳು ಇದೆ ಎಂದು ತಿಳಿಯಬೇಕೆನ್ನಿ. ಎಲ್ಲ ಎಣಿಸುವ ಬದಲು, ಕುಂಕುಮ ಹಚ್ಚಿದ ಹತ್ತು ಸಾವಿರ ಕಾಳುಗಳನ್ನು ಅದಕ್ಕೆ ಸುರಿದು ಚೆನ್ನಾಗಿ ಕಲಸಿ, ಒಂದು ಹಿಡಿ ತೆಗೆಯಿರಿ. ಹಿಡಿಯಲ್ಲಿ ಕೆಂಪು ಕಾಳು ನೂರು, ಬಿಳಿ ಕಾಳು ಮುನ್ನೂರು ಇದ್ದರೆ ಮೂಟೆಯಲ್ಲಿ ಬಿಳಿ ಕಾಳು ಮೂವತ್ತು ಸಾವಿರ. ಪರಾಗಶಾಸ್ತ್ರಜ್ಞರು ಇದಕ್ಕಾಗಿ ಬಳಸುವುದು ಲೈಕೊಪೋಡಿಯಂ ಎಂಬ ಗಿಡದ ಬೀಜಾಣು. ಎಣಿಸಿ ಅಚ್ಚುಹಾಕಿದ ಮಾತ್ರೆಗಳ ರೂಪದಲ್ಲಿಯೇ ಅದು ಸಿಗುತ್ತದೆ. ಮಣ್ಣಿಗೆ ಒಂದೆರಡು ಮಾತ್ರೆ ಹಾಕಿಯೇ ಕೆಲಸ ಶುರುಮಾಡುತ್ತಾರೆ.

ಗುರುತಿಸಲು ಹೋಲಿಸಿ ನೋಡುವ ಸಂಗ್ರಹ ಬೇಕು. ದಕ್ಷಿಣ ಭಾರತದ ಸಸ್ಯಗಳಿಗೆ ಅಂಥ ದೊಡ್ಡ ಭಂಡಾರ ಪುದುಚೇರಿಯ ಫ್ರೆಂಚ್ ಸಂಸ್ಥೆಯಲ್ಲಿದೆ. ಸಾವಿರಾರು ಗಿಡಗಳ ಪರಾಗವನ್ನು ಗಾಜಿನ ಪಟ್ಟಿಗಳಲ್ಲಿ ಅಲ್ಲಿ ಜೋಡಿಸಿಟ್ಟಿದ್ದಾರೆ. ಅದನ್ನು ಬೆಳೆಸಿದವರಲ್ಲಿ ಮುಖ್ಯರಾದ ಜಿ. ತಣಿಕೈಮಣಿ 1986ರಲ್ಲಿ ಕರಾಚಿಯಲ್ಲಿ ಅಪಹರಣಕ್ಕೊಳಗಾದ ಪ್ಯಾನ್ ಆಮ್ ವಿಮಾನದಲ್ಲಿ ಜೀವ ಕಳೆದುಕೊಂಡರು. ಲಖನೌದಲ್ಲಿರುವ ಬೀರಬಲ್ ಸಾಹ್ನಿ ಸಂಸ್ಥೆ ಈ ಕ್ಷೇತ್ರದಲ್ಲಿ ದೇಶದ ದೊಡ್ಡ ಹೆಸರು. 1949ರ ಏಪ್ರಿಲ್‌ನಲ್ಲಿ ನೆಹರೂ ಅದರ ಕಟ್ಟಡಕ್ಕೆ ಅಡಿಗಲ್ಲು ಹಾಕಿದ ಒಂದೇ ವಾರದಲ್ಲಿ, ಸಂಸ್ಥೆಯನ್ನು ಸ್ಥಾಪಿಸಿದ ಸಸ್ಯವಿಜ್ಞಾನಿ ಸಾಹ್ನಿ ತೀರಿಕೊಂಡರು.

## ಊಟಿಯ ಜೌಗು ಹೇಳಿದ್ದು

ಈಗ ಮೊದಲಿನ ಜಗಳಕ್ಕೆ ಬರೋಣ. ಪಶ್ಚಿಮ ಘಟ್ಟದ ಎತ್ತರದ ಭಾಗಗಳಲ್ಲಿ ನೆತ್ತಿ ಮತ್ತು ಇಳಿಜಾರುಗಳೆಲ್ಲ ಹುಲ್ಲು, ನೀರು ಹರಿಯುವ ಮಡಿಲುಗಳಲ್ಲಿ ಮಾತ್ರ ಗಿಡ್ಡ ಮರಗಳ ದಟ್ಟ ಕಾಡು. ಈ ಕಾಡಿಗೆ ಶೋಲಾ ಎನ್ನುತ್ತಾರೆ. ಕುದುರೆಮುಖ, ಬಾಬಾಬುಡನ್‌ಗಿರಿ, ನೀಲಗಿರಿ ಎಲ್ಲ ಕಡೆಯೂ ಇದೇ ಚಿತ್ರ. ಬ್ರಿಟಿಷರ ಕಾಲದಿಂದಲೂ ಇದರ ಬಗ್ಗೆ ಎರಡು ಪಕ್ಷ. ಒಂದು ಪಕ್ಷದ ಪ್ರಕಾರ ಇಡೀ ಬೆಟ್ಟ ಶೋಲಾ ಕಾಡೇ ಆಗಿತ್ತು, ದನ ಮೇಯಿಸುವವರು, ಬೆಂಕಿ ಹಾಕುವವರು ಅದನ್ನು ಮಡಿಲಿಗೆ ಒತ್ತರಿಸಿದರು. ಇನ್ನೊಂದು ಪಕ್ಷದ ಪ್ರಕಾರ ಹಿಮಗಾಳಿ ಮತ್ತು ಇಬ್ಬನಿ ಗಟ್ಟಿಕಟ್ಟುವ ಚಳಿಯಿಂದಾಗಿ ಬಯಲಿನಲ್ಲಿ ಮರದ ಸಸಿ ಬದುಕುವುದೇ ಇಲ್ಲ, ಹುಲ್ಲು ಸಹಜ.

ಇದು ಬರೀ ಪಂಡಿತರ ಚರ್ಚೆಯಾಗಿ ಉಳಿಯಲಿಲ್ಲ. ಹುಲ್ಲುಗಾವಲು ಎಂದರೆ ಖಾಲಿ ಬಿದ್ದ ಜಾಗ ಎಂಬ ಎಣಿಕೆಯಿಂದ ನೀಲಗಿರಿ ಬೆಟ್ಟಗಳಲ್ಲಿ ಆಸ್ಟ್ರೇಲಿಯಾದ ವ್ಯಾಟಲ್ (ಇದೂ ಅಕೇಶಿಯಾದ ಬಳಗದ್ದೇ) ಮತ್ತು ನೀಲಗಿರಿ ಮರಗಳನ್ನು ವಿಶಾಲವಾಗಿ ನೆಡಲಾಯಿತು. ಚರ್ಮ ಹದ ಮಾಡುವ ತೊಗಟೆಗೆ, ಉರುವಲಿಗೆ, ಆಮೇಲೆ ಕಾರ್ಖಾನೆಗಳ ತಿರುಳಿಗೆ.

ಊಟಿಯ ಹತ್ತಿರ, ಸಮುದ್ರಮಟ್ಟದಿಂದ 2,000 ಮೀಟರಿಗೂ ಎತ್ತರದಲ್ಲಿ, ಸ್ಯಾಂಡಿನಲ್ಲಾ ಎಂಬ ಕಣಿವೆಯಿದೆ. ಅಲ್ಲಿನ ಪೀಟಿನಲ್ಲಿ ಇಪ್ಪತ್ತು ಸಾವಿರ ವರ್ಷಕ್ಕೂ ಹಳೆಯ ಪದರಗಳಿವೆ. ಅವುಗಳ ಪರಾಗವನ್ನು ಎಣಿಸಿದಾಗ ಆ ಆಳದಲ್ಲೂ ಹುಲ್ಲಿನ ಪರಾಗ ಧಾರಾಳವಾಗಿ ಸಿಕ್ಕಿತು. ಇಪ್ಪತ್ತು ಸಾವಿರ ವರ್ಷದ ಹಿಂದೆ ಜಗತ್ತಿನಲ್ಲೆಲ್ಲೂ ವ್ಯವಸಾಯವಿಲ್ಲ, ಸಾಕಿದ ದನಗಳಿಲ್ಲ. ಕಾಡು ಕಡಿದು ಹುಲ್ಲು ಮಾಡಿದರು ಎನ್ನಲು ಆರೋಪಿಯೇ ಇಲ್ಲದ ಕಾಲ ಅದು. ಅಂದರೆ ಈ ಹುಲ್ಲುಗಾವಲು ಬಹಳ ಪುರಾತನ.

ಪರಾಗದ ಜೊತೆಗೆ ಇನ್ನೊಂದು ಸಾಕ್ಷಿಯೂ ಬಂತು. ರಾಗಿ, ಜೋಳ, ಕಬ್ಬಿನಂಥ ಬಿಸಿಲು ತಾಳುವ ಹುಲ್ಲುಗಳು ಗಾಳಿಯ ಇಂಗಾಲವನ್ನು ಹಿಡಿಯುವ ಬಗೆ ಬೇರೆ. ಮರಗಳು, ಭತ್ತ, ಗೋಧಿಯಂಥವು ಹಿಡಿಯುವ ಬಗೆ ಬೇರೆ. ಸತ್ತು ಮಣ್ಣಾದ ಮೇಲೂ ಕಾರ್ಬನ್-13ರ (ಕಾರ್ಬನ್-14ರಂತೆ ಕರಗದೆ ಉಳಿಯುವ ಇನ್ನೊಂದು ಬಗೆಯ ಇಂಗಾಲ) ಪ್ರಮಾಣದಲ್ಲಿ ಈ ವ್ಯತ್ಯಾಸ ಉಳಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು ನೀಲಗಿರಿಯ ಪೀಟಿನಲ್ಲಿ ಇದನ್ನು ಅಳೆದು 1993ರಲ್ಲಿ ಪ್ರಕಟಿಸಿದರು. ಕೊನೆಯ ಹಿಮಯುಗ ತುತ್ತತುದಿಯಲ್ಲಿದ್ದಾಗ, ಅಂದರೆ ಸುಮಾರು ಇಪ್ಪತ್ತು ಸಾವಿರ ವರ್ಷದ ಹಿಂದೆ, ಅಲ್ಲಿ ಒಣಹವೆಯ ಹುಲ್ಲುಗಳದೇ ಮೇಲುಗೈ. ಹಿಮಯುಗ ಮುಗಿದು ಮುಂಗಾರು ಬಲವಾದ ಮೇಲೆ ತೇವ ಬಯಸುವ ಸಸ್ಯಗಳು ಹೆಚ್ಚಿದವು. ಶೋಲಾ ಮತ್ತು ಹುಲ್ಲಿನ ಗಡಿ ಒಂದೇ ಕಡೆ ನಿಂತಿರಲಿಲ್ಲ, ಮಳೆ ಹೆಚ್ಚಿದಂತೆ ಕಡಿಮೆಯಾದಂತೆ ಅತ್ತಿತ್ತ ಸರಿಯುತ್ತಿತ್ತು.

ವ್ಯಾಟಲ್ ಕೂಡ ಈ ದಾಖಲೆಯಿಂದ ತಪ್ಪಿಸಿಕೊಳ್ಳಲಾರದು. ಹತ್ತೊಂಬತ್ತನೇ ಶತಮಾನದಲ್ಲಿ ಬಂದ ಗಿಡ ಅದು, ಹಾಗಾಗಿ ಅದರ ಬಿಲ್ಲೆಯಂಥ ಪರಾಗ ಜೌಗಿನ ಮೇಲ್ಪದರಕ್ಕಷ್ಟೇ ಸೇರಿದ್ದು. ಬೆಟ್ಟದ ನೆತ್ತಿಯ ಕೋರ್‌ನಲ್ಲಿ ಅದು ಕಾಣಿಸಿಕೊಂಡರೆ, ಆ ಪದರ ಈಚಿನದು ಎಂದು ಕಾರ್ಬನ್ ಅಳೆಯದೆಯೇ ಹೇಳಬಹುದು.

## ಕಾರವಾರದ ಕಡಲಡಿಯಲ್ಲಿ ಘಟ್ಟದ ಕಾಡು

ಕಾಡಿನ ಕಥೆ ಓದಲು ಸಮುದ್ರಕ್ಕೆ ಹೋಗುವುದು ವಿಚಿತ್ರ ಎನಿಸಬಹುದು. ಆದರೆ ಕಾಳಿ ನದಿ ಘಟ್ಟದಿಂದ ಹೊತ್ತು ತರುವ ಹೂಳೆಲ್ಲ ಕಾರವಾರದ ಎದುರಿನ ಕಡಲಿಗೇ ಬಂದು ಸೇರುತ್ತದೆ. ಘಟ್ಟದ ಮೇಲಿನ ನಿತ್ಯಹರಿದ್ವರ್ಣ ಕಾಡು, ನಡುವಿನ ಎಲೆಯುದುರುವ ಕಾಡು, ಅಳಿವೆಯ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ, ಎಲ್ಲದರ ಪರಾಗವೂ ಅದರಲ್ಲಿ ಬೆರೆತಿರುತ್ತದೆ. ಒಂದು ಊರಿನ ಕೆರೆ ಆ ಊರಿನ ಸುದ್ದಿ ಹೇಳಿದರೆ, ನದಿಮುಖ ಇಡೀ ಸೀಮೆಯ ಸುದ್ದಿ ಹೇಳುತ್ತದೆ.

ಪರಾಗಶಾಸ್ತ್ರಜ್ಞ ಕಾರಾತಿನಿ ಮತ್ತು ಅವರ ಸಂಗಡಿಗರು ಕಾರವಾರದ ಕಡಲತಳದಿಂದ ತೆಗೆದ ಕೋರ್‌ಗಳನ್ನು ಓದಿ 1994ರಲ್ಲಿ ಫಲಿತಾಂಶ ಪ್ರಕಟಿಸಿದರು. ಸುಮಾರು 3,500 ವರ್ಷಗಳ ಹಿಂದೆ ದೊಡ್ಡ ಬದಲಾವಣೆ ಕಾಣುತ್ತದೆ. ತೇವದ ಕಾಡಿನ ಮರಗಳ ಮತ್ತು ಕಾಂಡ್ಲಾದ ಪರಾಗ ಇಳಿಯುತ್ತದೆ, ಬಯಲುಗಾಡು ಮತ್ತು ಹುಲ್ಲಿನ ಪಾಲು ಏರುತ್ತದೆ. ಹವೆ ಒಣಗತೊಡಗಿತು ಎಂಬುದು ಅವರ ಓದು. ಆದರೆ ಆ ಹೊತ್ತಿಗಾಗಲೇ ದಖ್ಖನ್ನಿನಲ್ಲಿ ದನ ಸಾಕುವ, ಬೇಸಾಯ ಮಾಡುವ ಜನರಿದ್ದರು. ಬರೀ ಪರಾಗ ನೋಡಿ ಮಳೆಯ ಪಾಲೆಷ್ಟು, ಮನುಷ್ಯನ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಈ ಎಚ್ಚರ ಇಟ್ಟುಕೊಂಡೇ ಇಂಥ ಫಲಿತಾಂಶಗಳನ್ನು ಓದಬೇಕು.

## ದೇವರಕಾಡಿನ ವಯಸ್ಸು

ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಸುತ್ತ ಕಾಫಿ ತೋಟ, ಗದ್ದೆ. ನಡುವೆ ಅಯ್ಯಪ್ಪನಿಗೋ ಭಗವತಿಗೋ ಬಿಟ್ಟ ಕೊಡಲಿ ತಾಗದ ಕಾಡು. ಆದಿಕಾಲದ ಕಾಡಿನ ಕೊನೆಯ ತುಣುಕುಗಳು ಇವು, ಸುತ್ತಲಿನದೆಲ್ಲ ಹೋಗಿ ಇಷ್ಟು ಉಳಿದಿದೆ ಎಂಬುದು ಸಾಮಾನ್ಯ ನಂಬಿಕೆ. ನೋಡಿದರೂ ಹಾಗೆಯೇ ಅನಿಸುತ್ತದೆ.

ಶೋನಿಲ್ ಭಾಗವತ್, ಸಾಂಡ್ರಾ ನೊಗುಯೆ ಮತ್ತು ಕ್ಯಾಥಿ ವಿಲ್ಲಿಸ್ ಪಶ್ಚಿಮ ಘಟ್ಟದ ಎರಡು ದೇವರಕಾಡುಗಳ ಹೂಳನ್ನು ತೆಗೆದು ಪರಾಗ, ಬೀಜಾಣು ಮತ್ತು ಇದ್ದಿಲಿನ ಚೂರುಗಳನ್ನು ಎಣಿಸಿದರು. ಇದ್ದಿಲು ಹೆಚ್ಚಿದ್ದರೆ ಆ ಕಾಲದಲ್ಲಿ ಬೆಂಕಿ ಹೆಚ್ಚಿತ್ತು ಎಂದರ್ಥ. 2014ರಲ್ಲಿ ಅವರು ಹೇಳಿದ್ದು ನಂಬಿಕೆಗೆ ತದ್ವಿರುದ್ಧ. ಈಗ ಕಾಡಾಗಿರುವ ಜಾಗ ಹಿಂದೊಮ್ಮೆ ಮರ ಕಡಿಮೆಯಿದ್ದ ತೆರೆದ ಬಯಲಾಗಿತ್ತು, ಕಾಡು ಬೆಳೆದದ್ದು ಕಳೆದ ಕೆಲವು ಶತಮಾನಗಳಲ್ಲಿ. ಅಂದರೆ ಜನ ಇದ್ದ ಕಾಡನ್ನು ಉಳಿಸಿಕೊಂಡದ್ದಷ್ಟೇ ಅಲ್ಲ, ಬಯಲಿನಲ್ಲಿ ಕಾಡು ಮರಳಲು ಬಿಟ್ಟದ್ದೂ ಉಂಟು. ನನಗಂತೂ ಇದರಿಂದ ದೇವರಕಾಡಿನ ಮೇಲಿನ ಗೌರವ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಎರಡೇ ಜಾಗಗಳ ಲೆಕ್ಕ ಇದು, ಸಾವಿರದ ಇನ್ನೂರಕ್ಕೂ ಅನ್ವಯಿಸಬೇಕಿಲ್ಲ.

ಊಟಿಯಲ್ಲಿ ಜನ ಹಾಳುಮಾಡಿದ್ದು ಎಂದುಕೊಂಡ ಹುಲ್ಲು ಪುರಾತನ ಎಂದಾಯಿತು. ಇಲ್ಲಿ ಪುರಾತನ ಎಂದುಕೊಂಡ ಕಾಡು ಜನ ಬೆಳೆಸಿದ್ದು ಎಂದಾಯಿತು.

## ಕೋಟಿ ವರ್ಷಗಳ ಲೆಕ್ಕದಲ್ಲಿ

ಇಲ್ಲಿಯವರೆಗೆ ನೋಡಿದ್ದು ಸಾವಿರಗಳ ಲೆಕ್ಕ. ಕಲ್ಲಾಗಿ ಗಟ್ಟಿಯಾದ ಹಳೆಯ ಹೂಳಿನಲ್ಲೂ ಬೀಜಾಣು ಸಿಗುತ್ತದೆ. ನೆಲದ ಮೇಲಿನ ಸಸ್ಯಗಳ ಅತಿ ಹಳೆಯ ಗುರುತು ಎಂದರೆ ಸುಮಾರು 47 ಕೋಟಿ ವರ್ಷ ಹಿಂದಿನ ಬೀಜಾಣುಗಳು. ಆ ಗಿಡಗಳ ಎಲೆ, ಕಾಂಡ ಯಾವುದೂ ಸಿಕ್ಕಿಲ್ಲ, ಪುಡಿ ಮಾತ್ರ ಸಿಕ್ಕಿದೆ.

ಡೈನೊಸಾರ್‌ಗಳು ಅಳಿದದ್ದು 6.6 ಕೋಟಿ ವರ್ಷದ ಹಿಂದೆ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಆ ಕಾಲದ ಗಡಿರೇಖೆಯ ಕಲ್ಲನ್ನು ನೋಡಿದಾಗ ಒಂದು ವಿಶೇಷ ಕಂಡಿತು. ಗೆರೆಯ ಕೆಳಗೆ ಹೂಗಿಡಗಳ ಬಗೆಬಗೆಯ ಪರಾಗ. ಗೆರೆ ದಾಟಿದ ಕೂಡಲೇ ಅವೆಲ್ಲ ಮಾಯವಾಗಿ ಎಲ್ಲೆಲ್ಲೂ ಜರಿಗಿಡದ ಬೀಜಾಣು. ಇನ್ನಷ್ಟು ಮೇಲೆ ಹೋದರೆ ಹೂಗಿಡಗಳು ನಿಧಾನಕ್ಕೆ ವಾಪಸಾಗುತ್ತವೆ. ಎಲ್ಲ ಸುಟ್ಟು ಬೂದಿಯಾದ ನೆಲಕ್ಕೆ ಮೊದಲು ಕಾಲಿಡುವುದು ಜರಿ. 1883ರಲ್ಲಿ ಕ್ರಾಕಟೋವ ಜ್ವಾಲಾಮುಖಿ ಸಿಡಿದು ದ್ವೀಪ ಬೋಳಾದಾಗ, ಮೂರು ವರ್ಷದ ನಂತರ ಹೋದವರು ಕಂಡದ್ದೂ ಜರಿಗಿಡಗಳ ಮೇಲುಗೈಯನ್ನೇ.

ಅಂಟಾರ್ಕ್ಟಿಕಾದ ಅಂಚಿನ ಕಡಲತಳವನ್ನು ಕೊರೆದು ತೆಗೆದ, ಸುಮಾರು 5.2 ಕೋಟಿ ವರ್ಷ ಹಳೆಯ ಹೂಳಿನಲ್ಲಿ ತಾಳೆ ಜಾತಿಯ ಮರಗಳ ಪರಾಗ ಸಿಕ್ಕಿತೆಂದು 2012ರಲ್ಲಿ ವರದಿಯಾಯಿತು. ಜೊತೆಗೆ ನಮ್ಮ ಬೂರುಗ, ಸವಣೂರಿನಲ್ಲಿ ದೊಡ್ಡಹುಣಸೆ ಎಂದು ಕರೆಯುವ ಬಾವೊಬಾಬ್ ಸೇರಿರುವ ಬಳಗದ ಪರಾಗ. ಈ ಬಳಗ ಕಡು ಚಳಿ ತಡೆಯದು. ಈಗ ಮಂಜು ಹೊದ್ದು ಮಲಗಿರುವ ನೆಲದಲ್ಲಿ ಆಗ ಚಳಿಗಾಲದಲ್ಲೂ ನೀರು ಹೆಪ್ಪುಗಟ್ಟುತ್ತಿರಲಿಲ್ಲ ಎಂಬ ತೀರ್ಮಾನಕ್ಕೆ ಅದೇ ಆಧಾರ.

ತೈಲ ಹುಡುಕುವವರಿಗೂ ಈ ಪುಡಿ ಬೇಕು. ಒಗ್ಗರಣೆಯಲ್ಲಿ ಈರುಳ್ಳಿ ಹುರಿಯುವಾಗ ಬಣ್ಣ ನೋಡಿಯೇ ಎಷ್ಟು ಬೆಂದಿದೆ ಎಂದು ಹೇಳುತ್ತೇವಲ್ಲ, ಭೂಮಿಯ ಆಳದ ಕಾವಿಗೆ ಬೀಜಾಣುವಿನ ಚಿಪ್ಪು ಕೂಡ ಹಾಗೆಯೇ ತಿಳಿಹಳದಿಯಿಂದ ಕಿತ್ತಳೆ, ಕಂದು, ಕೊನೆಗೆ ಕಪ್ಪಿಗೆ ತಿರುಗುತ್ತದೆ. ತೀರ ಹಳದಿಯಾಗಿದ್ದರೆ ಆ ಕಲ್ಲು ಇನ್ನೂ ಬೆಂದಿಲ್ಲ, ತೈಲ ಆಗಿಲ್ಲ. ಕಪ್ಪಾಗಿದ್ದರೆ ಸೀದುಹೋಗಿದೆ.

## ಪರಾಗಕ್ಕೂ ಗೊತ್ತಿಲ್ಲದ್ದು

ಜಾತ್ರೆಯ ಗದ್ದಲವನ್ನು ರೆಕಾರ್ಡ್ ಮಾಡಿ ಕೇಳಿದರೆ ಮೈಕಿನಲ್ಲಿ ಕೂಗುವವನದೇ ದನಿ. ಮೂಲೆಯಲ್ಲಿ ಮಾತಾಡುವ ನೂರು ಜನ ಕೇಳಿಸುವುದಿಲ್ಲ. ಪರಾಗದ ದಾಖಲೆಗೂ ಈ ದೋಷವಿದೆ. ಗಾಳಿಗೆ ತೂರುವ ಹುಲ್ಲು ಇದ್ದದ್ದಕ್ಕಿಂತ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಹುಳಗಳನ್ನು ನಂಬಿದ ಮಳೆಕಾಡಿನ ಮರಗಳು ಕಂಜೂಸಿನಿಂದ ಪರಾಗ ಮಾಡುವುದರಿಂದ ಲೆಕ್ಕಕ್ಕೆ ಸಿಗುವುದೇ ಅಪರೂಪ. ಇದನ್ನು ಸರಿದೂಗಿಸಲು ಇಂದಿನ ಕಾಡಿನ ನೆಲದ ಮೇಲ್ಮಣ್ಣನ್ನೂ ತಂದು ಎಣಿಸುತ್ತಾರೆ. ಇಂಥ ಕಾಡು ಇಂಥ ಪರಾಗವನ್ನು ಇಷ್ಟು ಬಿಡುತ್ತದೆ ಎಂಬ ಅಳತೆಗೋಲು ಸಿಕ್ಕ ಮೇಲೆ ಹಳೆಯ ಪದರಕ್ಕೆ ಹೋಲಿಸುತ್ತಾರೆ. ಪಶ್ಚಿಮ ಘಟ್ಟದ ಮಟ್ಟಿಗೆ ಇಂಥ ಕೆಲಸ ಪುದುಚೇರಿಯ ಸಂಶೋಧಕರಿಂದ ನಡೆದಿದೆ.

ಇನ್ನೊಂದು ತೊಡಕು ಗುರುತಿನದು. ಪರಾಗ ಹಲವು ಸಲ ಮನೆತನದ ಹೆಸರು ಹೇಳುತ್ತದೆ, ವ್ಯಕ್ತಿಯ ಹೆಸರು ಹೇಳುವುದಿಲ್ಲ. ರಾಗಿ, ಬಿದಿರು, ಗರಿಕೆ ಎಲ್ಲವೂ ಹುಲ್ಲಿನ ಮನೆತನ, ಎಲ್ಲಕ್ಕೂ ಅದೇ ಒಂದು ತೂತಿನ ಗುಂಡು. ಸಾಗುವಳಿ ಧಾನ್ಯಗಳಲ್ಲಿ ಕೆಲವದರ ಪರಾಗ ದಪ್ಪ, ಆದರೆ ರಾಗಿಯಂಥ ಸಣ್ಣ ಕಾಳಿನ ಬೆಳೆಗಳಲ್ಲಿ ಆ ಅನುಕೂಲವೂ ಇಲ್ಲ. ಹಾಗಾಗಿ ಒಂದು ಪದರದಲ್ಲಿ ಹುಲ್ಲು ಹೆಚ್ಚಿದ್ದರೆ ಅದು ಹೊಲವೋ ಮೇವಿನ ಬ್ಯಾಣವೋ ಎಂದು ತಿಳಿಯಲು ಪುರಾತತ್ವದವರ, ಸುಟ್ಟ ಕಾಳುಗಳನ್ನು ಓದುವವರ ಸಹಾಯ ಬೇಕು.

ಮೂರನೆಯದು ಜಾಗದ್ದು. ಕುದುರೆಮುಖದ ಪ್ರಶ್ನೆಗೆ ಊಟಿಯ ಕೆಸರಿನಲ್ಲಿ ಪೂರ್ತಿ ಉತ್ತರ ಸಿಗುವುದಿಲ್ಲ. ಎತ್ತರ ಬೇರೆ, ಮಳೆ ಬೇರೆ, ಚಳಿ ಬೇರೆ. ಎತ್ತರದ ಶೋಲಾ ಹುಲ್ಲುಗಾವಲು ಪುರಾತನ ಎಂದ ಮಾತ್ರಕ್ಕೆ ಕೆಳಗಿನ ಮಲೆನಾಡಿನ ಪ್ರತಿ ಬ್ಯಾಣವೂ ಪುರಾತನ ಎನ್ನಲಾಗದು. ಕಡಿದು, ಸುಟ್ಟು ಆದ ಬಯಲುಗಳು ಖಂಡಿತ ಇವೆ. ಸಸಿ ನೆಡಬೇಕೋ ಬೇಡವೋ ಎಂಬುದನ್ನು ಆಯಾ ಬೆಟ್ಟದ ಜೌಗನ್ನೇ ಕೇಳಬೇಕು.

ಆದರೆ ಆ ಜೌಗು ಅಲ್ಲಿ ಇರಬೇಕಲ್ಲ. ನೀಲಗಿರಿಯಲ್ಲಿ ಎಷ್ಟೋ ಜೌಗುಗಳ ನೀರು ಬಸಿದು ಕ್ಯಾರೆಟ್, ಆಲೂಗಡ್ಡೆ ಬೆಳೆಯುತ್ತಿದ್ದಾರೆ. ಬಸಿಗಾಲುವೆ ತೋಡಿದರೆ ನೀರು ಇಳಿಯುತ್ತದೆ, ನೀರಿದ್ದ ಕಡೆ ಗಾಳಿ ನುಗ್ಗುತ್ತದೆ. ಆಮ್ಲಕ್ಕೂ ಬಗ್ಗದೆ ಸಾವಿರಾರು ವರ್ಷ ಉಳಿದಿದ್ದ ಚಿಪ್ಪು ಒಣಗಿದ ಪೀಟಿನಲ್ಲಿ ಸವೆಯತೊಡಗುತ್ತದೆ. ನೇಗಿಲು ಹೊಕ್ಕ ಆಳದವರೆಗೆ ಪದರಗಳು ಕಲಸಿಹೋಗುತ್ತವೆ, ಮೇಲಿನ ವ್ಯಾಟಲ್ ಪರಾಗ ಕೆಳಕ್ಕೆ, ಕೆಳಗಿನ ಹುಲ್ಲಿನದು ಮೇಲಕ್ಕೆ. ಅಷ್ಟು ಭಾಗವನ್ನು ಮತ್ತೆ ಯಾರೂ ಓದಲಾರರು.